ದೊಡ್ಡ ಗಡ್ಡೆಗೆ ಮೂರು ಕಂತು

ಮಿದುಳಿಗೆ ಹರಡಿದ ಕ್ಯಾನ್ಸರ್ ಗಡ್ಡೆ ಚಿಕ್ಕದಿದ್ದರೆ ನನಗೆ ಅಷ್ಟು ಯೋಚನೆಯಿಲ್ಲ. ಗಡ್ಡೆಗೇ ಗುರಿಯಿಟ್ಟು ಒಂದೇ ಸಲಕ್ಕೆ 20 ಗ್ರೇ (ರೇಡಿಯೇಷನ್ ಡೋಸಿನ ಅಳತೆ) ಮೇಲೆ ಕೊಟ್ಟು ಮನೆಗೆ ಕಳಿಸುತ್ತೇನೆ. ಪೇಚಾಟ ಶುರುವಾಗುವುದು 3 ಸೆಂ.ಮೀ. ದಾಟಿದಾಗ. ಅಡ್ಡಳತೆ 2ರಿಂದ 4 ಆದರೆ ಗಡ್ಡೆ ಎಂಟು ಪಟ್ಟು ಬೆಳೆದಂತೆ: 4 ಸಿಸಿ ಇದ್ದದ್ದು 33 ಸಿಸಿ. ಸುತ್ತಲಿನ ಒಳ್ಳೆಯ ಮಿದುಳಿಗೆ ಸೋರುವ ಡೋಸೂ ಏರುತ್ತದೆ. ಅಮೆರಿಕದ ರೇಡಿಯೇಷನ್ ಸಂಶೋಧನಾ ಗುಂಪು ಆರ್‌ಟಿಒಜಿಯ 90-05 ಅಧ್ಯಯನದಲ್ಲಿ (ಅದೂ ಮೊದಲೇ ರೇಡಿಯೇಷನ್ ಆದವರಲ್ಲಿ) 2 ಸೆಂ.ಮೀ. ವರೆಗಿನ ಗಡ್ಡೆಗೆ 24 ಗ್ರೇ ಕೊಟ್ಟರೂ ಮಿದುಳು ತಾಳಿಕೊಂಡಿತು. 3 ದಾಟಿದ್ದಕ್ಕೆ 15 ಮಾತ್ರ. 15ಕ್ಕೆ ದೊಡ್ಡ ಗಡ್ಡೆ ಬಗ್ಗುತ್ತದೆಂಬ ನಂಬಿಕೆ ನನಗಿಲ್ಲ.

ಆಪರೇಷನ್ ಸಾಧ್ಯವಿದ್ದರೆ ನಾನೇ ಅದಕ್ಕೆ ಕಳಿಸುತ್ತೇನೆ. ಒಬ್ಬ ಹೆಂಗಸಿಗೆ ಹೃದಯ ದುರ್ಬಲ, ಅರಿವಳಿಕೆ ಬೇಡವೆಂದರು. ಗಡ್ಡೆ 3.6 ಸೆಂ.ಮೀ. ನಡುವೆ ಒಳ್ಳೆಯ ಮಿದುಳು ಚೇತರಿಸಿಕೊಳ್ಳಲೆಂದು ಮೂರು ಕಂತು, ಕಂತಿಗೆ 9 ಗ್ರೇ, ದಿನ ಬಿಟ್ಟು ದಿನ ಎಂದು ತೀರ್ಮಾನಿಸಿದೆ.

ಎಡವಿದ್ದು ನಾನೇ. ತಲೆ ಅಲುಗದಂತೆ ಹಿಡಿಯುವ ಬಲೆಯ ಮಾಸ್ಕ್ ಮಾಡಿಸಿ, ಸಿಟಿ ತೆಗೆಸಿ, ಬೇರೆ ಕಾರಣಕ್ಕೆ ಎರಡು ವಾರ ತಡವಾಯಿತು. ಅಷ್ಟರಲ್ಲಿ ಬಾವು ಇಳಿಯಲೆಂದು ಕೊಡುತ್ತಿದ್ದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಅವರ ಮುಖವನ್ನು ಊದಿಸಿತ್ತು. ಟೇಬಲ್ ಮೇಲೆ ಮಲಗಿಸಿ ಮಾಸ್ಕ್ ಕೂರಿಸಿದರೆ ಕೆನ್ನೆಯ ಮೇಲೆ ಬಲೆಯ ಅಚ್ಚು ಬಿತ್ತು, ಗದ್ದ ಮೇಲಕ್ಕೆ ಎದ್ದಿತ್ತು. "ಡಾಕ್ಟ್ರೇ, ಉಸಿರು ಕಟ್ತಿದೆ" ಎಂದರು. ಟೆಕ್ನಿಷಿಯನ್ "ಸ್ವಲ್ಪ ಒತ್ತಿದ್ರೆ ಕೂರುತ್ತೆ ಸರ್" ಎಂದ. ಒತ್ತಲಿಲ್ಲ. ನಾವು ಗಡ್ಡೆಯ ಸುತ್ತ ಬಿಡುವ ಅಂಚೇ 1 ಮಿ.ಮೀ. ಹೊಸ ಮಾಸ್ಕ್, ಹೊಸ ಸಿಟಿ, ಎಂಆರ್‌ಐ ಕೂಡ ಹೊಸದು. ಅದರಲ್ಲಿ ಗಡ್ಡೆ ಹಿಂದಕ್ಕೆ ಇನ್ನೊಂದಿಷ್ಟು ಚಾಚಿತ್ತು. ಹಳೆಯ ಪ್ಲಾನಿಗೆ ಆ ಚೂರು ಸಿಗುತ್ತಲೇ ಇರಲಿಲ್ಲ. ಈಗ ಎಂಆರ್‌ಐ ಒಂದು ವಾರ ದಾಟಿದ್ದರೆ ಮತ್ತೆ ತೆಗೆಸುತ್ತೇನೆ, ಯಾರು ಗೊಣಗಿದರೂ.

ಪ್ಲಾನಿನಲ್ಲಿ ನನ್ನ ಕಣ್ಣು ಒಂದೇ ಅಂಕಿಯ ಮೇಲೆ: ಗಡ್ಡೆ ಬಿಟ್ಟು ಉಳಿದ ಮಿದುಳಿನಲ್ಲಿ ಮೂರೂ ಕಂತು ಸೇರಿ 18 ಗ್ರೇ ಅಥವಾ ಹೆಚ್ಚು ಬೀಳುವ ಜಾಗ 30 ಸಿಸಿ ಒಳಗಿರಬೇಕು. ಫಿಸಿಸಿಸ್ಟ್ ನಾಲ್ಕು ಸಲ ತಿದ್ದಿದರು, 27ಕ್ಕೆ ಇಳಿಯಿತು. ಮೂರೂ ಕಂತು ತಕರಾರಿಲ್ಲದೆ ಮುಗಿದವು. ಸ್ಟೀರಾಯ್ಡ್ ಮಾತ್ರ ನಿಧಾನವಾಗಿ ಇಳಿಸಿದೆ.

ಮೂರು ತಿಂಗಳಿಗೆ ಗಡ್ಡೆ ಅರ್ಧವಾಗಿತ್ತು. ಒಂಬತ್ತನೆಯ ತಿಂಗಳು ತಲೆನೋವು, ಎಂಆರ್‌ಐನಲ್ಲಿ ಬಳೆಯಂಥ ಹೊಳಪು ದೊಡ್ಡದಾಗಿತ್ತು. ಮನೆಯವರು ಮತ್ತೆ ಬಂತೆಂದೇ ಅತ್ತರು. ರಕ್ತದ ಓಟ ತೋರಿಸುವ ಪರ್ಫ್ಯೂಷನ್ ಸ್ಕ್ಯಾನ್ ನೋಡಿದರೆ ಅಲ್ಲಿ ಅದು ಕಡಿಮೆ; ಬೆಳೆಯುವ ಗಡ್ಡೆಯಾಗಿದ್ದರೆ ಹೆಚ್ಚಿರುತ್ತಿತ್ತು. ರೇಡಿಯೇಷನ್ನಿಂದ ಸತ್ತ ಊತಕ ಎಂದು ಓದಿದೆವು. ಅದೇ ಡೆಕ್ಸಾ ಮತ್ತೆ ಶುರು. ಎರಡು ತಿಂಗಳಿಗೆ ಬಳೆ ಸಣ್ಣದಾಯಿತು.