ಗುಜರಿ ಟಿವಿಯಲ್ಲಿ ಡೈ ಹಾರ್ಡ್: ಗನ್ ಕೊನೆಗೂ ಗುರಿ ಹಿಡಿಯಿತು

ಡೈ ಹಾರ್ಡ್ ಟ್ರೈಲಜಿಯ ಏರ್‌ಪೋರ್ಟ್ ಭಾಗವನ್ನು ಗನ್ (ಟಿವಿ ಪರದೆಗೆ ಗುರಿಯಿಟ್ಟು ಹೊಡೆಯುವ ಆಟದ ಬಂದೂಕು) ಹಿಡಿದೇ ಮುಗಿಸಿದ್ದೇನೆ. ಕಂಪ್ಯೂಟರಿನಲ್ಲಿ ಹಳೇ ಗೇಮ್ ಓಡಿಸುವ ಎಮ್ಯುಲೇಟರ್ ಅಲ್ಲ, ಮೊಬೈಲ್ ಅಲ್ಲ. ಹಳೇ ಪ್ಲೇಸ್ಟೇಷನ್, 1996ರ ಗೇಮ್, ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿ. "ದಾವಣಗೆರೆಯಲ್ಲಿ ಕೂತು ಇದೆಲ್ಲ ಆಗಲ್ಲ ಬಿಡಪ್ಪ" ಅಂದವರು ಈಗ ಭಾನುವಾರ ಭಾನುವಾರ ನಮ್ಮ ಮನೆಗೇ ಬರುತ್ತಾರೆ, ಗನ್ ಕೊಡು ಅಂತ.

ಗೇಮ್ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಪ್ರೋಬ್ ಕಂಪನಿಯವರು ಡೈ ಹಾರ್ಡ್ ಸರಣಿಯ ಮೂರು ಸಿನಿಮಾಗೆ ಮೂರು ಬೇರೆ ಬೇರೆ ಆಟ ಮಾಡಿ ಒಂದೇ ಡಿಸ್ಕಿಗೆ ತುರುಕಿದ್ದಾರೆ. ಮೊದಲ ಸಿನಿಮಾದ ನಕಟೋಮಿ ಕಟ್ಟಡದ ಆಟ ಚೆನ್ನಾಗಿದೆ, ಕ್ಯಾಮೆರಾ ಮಾತ್ರ ತಲೆ ತಿನ್ನುತ್ತದೆ. ನ್ಯೂಯಾರ್ಕಿನಲ್ಲಿ ಬಾಂಬ್ ಹುಡುಕುತ್ತಾ ಕಾರು ಓಡಿಸುವ ಆಟದಲ್ಲಿ ಜನಕ್ಕೆ ಗುದ್ದಿದರೆ ಗಾಜಿನ ಮೇಲಿನ ರಕ್ತವನ್ನು ವೈಪರ್ ಒರೆಸುತ್ತದೆ, ನಮ್ಮ ಹುಡುಗರು ಅದಕ್ಕೇ ಬಿದ್ದು ಬಿದ್ದು ನಗುತ್ತಾರೆ. ಆದರೆ ನನಗೆ ಬೇಕಿದ್ದದ್ದು ಎರಡನೆಯದು, ಏರ್‌ಪೋರ್ಟಿನದು, ಅದೂ ಗನ್‌ನಲ್ಲೇ.

ಮೊದಲ ಪೆಟ್ಟು ಬಿದ್ದದ್ದು ಗನ್‌ನಿಂದಲೇ. "ಎಲ್ಲಾ ಗೇಮ್‌ಗೂ ಆಗುತ್ತೆ ಸಾರ್" ಅಂತ ಒಬ್ಬರು ನಾಮ್ಕೋ ಕಂಪನಿಯ ಗನ್‌ಕಾನ್ ತರದ ಗನ್ನನ್ನು ತಲೆಗೆ ಕಟ್ಟಿದರು, ಸುಮಾರು 1,800 ರೂಪಾಯಿ ಹೋಯಿತು. ಈ ಗೇಮ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಇದಕ್ಕೆ ಕೊನಾಮಿ ಕಂಪನಿಯ ಜಸ್ಟಿಫೈಯರ್ ಅನ್ನುವ ಗನ್ನೇ ಬೇಕು. ಅದು ಸಿಕ್ಕಿತು, ಎರಡೂವರೆ ಸಾವಿರದ ಆಸುಪಾಸು. ಎಲ್ಲಿ ಸಿಕ್ಕಿತು ಅಂತ ಕೇಳಬೇಡಿ, ಅಲ್ಲಿ ಇನ್ನೊಂದಿದೆ, ಅದೂ ನನಗೇ ಬೇಕು.

ಗನ್ ಬಂತು, ಮನೆಯ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ ಅನ್ನುವುದು ಮೊದಲೇ ಗೊತ್ತಿತ್ತು. ಪಿಕ್ಚರ್ ಟ್ಯೂಬಿನಲ್ಲಿ ಗೆರೆ ಗೆರೆಯಾಗಿ ಓಡುವ ಬೆಳಕನ್ನು ಹಿಡಿದೇ ಗನ್ ಗುರಿ ಲೆಕ್ಕ ಹಾಕುವುದು, ಅಲ್ವಾ. ಆದರೂ ಹಟಕ್ಕೆ ಗೆಳೆಯನ ಪ್ರೊಜೆಕ್ಟರ್ ತಂದು ಗೋಡೆಗೆ ಹೊಡೆದು ನೋಡಿದೆ. ಗೋಡೆ ತುಂಬ ಹೀರೋ ಜಾನ್ ಮೆಕ್‌ಕ್ಲೇನ್‌ನ ಶತ್ರುಗಳು, ಒಬ್ಬನೂ ಬೀಳಲಿಲ್ಲ.

ಆಮೇಲೆ ಶುರುವಾಯಿತು ಗುಜರಿ ಅಂಗಡಿಗಳ ಸುತ್ತಾಟ. 400 ರೂಪಾಯಿಗೆ ಒಂದು 21 ಇಂಚಿನ ಟಿವಿ ಸಿಕ್ಕಿತು. ಆನ್ ಮಾಡಿದರೆ ಚಿತ್ರವೆಲ್ಲ ಕಪ್ಪು-ಬಿಳುಪು. ನನ್ನ ಡಿಸ್ಕ್ ಅಮೆರಿಕದ್ದು, ಎನ್‌ಟಿಎಸ್‌ಸಿ. ಅದು ಅಲ್ಲಿನ ಟಿವಿಯ ಬಣ್ಣದ ಪದ್ಧತಿ. ಆ ಟಿವಿಗೆ ನಮ್ಮ ಕಡೆಯ ಪಾಲ್ ಪದ್ಧತಿ ಬಿಟ್ಟು ಬೇರೆ ಗೊತ್ತಿಲ್ಲ. ಅದನ್ನು ವಾಪಸ್ ಕೊಟ್ಟರೆ 150 ಮಾತ್ರ ಕೈಗೆ ಬಂತು. ಎರಡನೇ ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಂ ಬದಲಿಸಬಹುದಿತ್ತು. ಬಣ್ಣ ಬಂತು, ಒಂದು ವಾರ ಚೆನ್ನಾಗಿ ಓಡಿತು, ಆಮೇಲೆ ಟಪ್ ಅಂತ ಸದ್ದು, ಸುಟ್ಟ ವಾಸನೆ. ರಿಪೇರಿಯವರು ನೋಡಿ, "ತಮ್ಮಾ, ಎಲ್‌ಓಟಿ ಹೋಗೈತಿ, ಇದಕ್ಕೆ ದುಡ್ಡು ಹಾಕಬ್ಯಾಡ" ಅಂದರು. ಎಲ್‌ಓಟಿ ಅಂದರೆ ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಹೊಸದು ಹಾಕಿಸಿದೆ. 900 ಆಯಿತು. ಅದರ ಮೇಲೆ ಸ್ಟೆಬಿಲೈಜರ್ ಬೇರೆ.

ಇಷ್ಟಾದರೂ ಪರದೆಯ ಎಡ ಅಂಚಿನಲ್ಲಿ ಗುಂಡು ತಪ್ಪುತ್ತಿತ್ತು. ಬ್ರೈಟ್‌ನೆಸ್ ಏರಿಸಿದೆ, ಟ್ಯೂಬ್‌ಲೈಟ್ ಆರಿಸಿ ಕಿಟಕಿಗೆ ಕಂಬಳಿ ಕಟ್ಟಿದೆ. ಸ್ವಲ್ಪ ಸುಧಾರಿಸಿತು. ಪೂರ್ತಿ ಸರಿಹೋಗಿದ್ದು ಗನ್ ಬಿಚ್ಚಿ ಲೆನ್ಸಿನ ಹಿಂದೆ ಒಂದು ಸಣ್ಣ ಕೆಲಸ ಮಾಡಿದ ಮೇಲೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ, ಜೊತೆಗೆ ಮಂಡಕ್ಕಿ-ಮೆಣಸಿನಕಾಯಿ ತಂದರೆ, ನೋಡೋಣ. ಮೆಣಸಿನಕಾಯಿ ತಿಂದ ಕೈಯಲ್ಲಿ ಗನ್ ಮಾತ್ರ ಮುಟ್ಟಬೇಡಿ.

ನಡುವೆ ಸುಮ್ನೆ ಪ್ಲೇಸ್ಟೇಷನ್ ಮೌಸ್ ಕೂಡ ಹಾಕಿ ನೋಡಿದೆ. ಗೇಮ್ ಅದನ್ನೂ ಒಪ್ಪುತ್ತದೆ, ನಿಜ ಹೇಳಬೇಕೆಂದರೆ ಅಂಕವೂ ಜಾಸ್ತಿ ಬರುತ್ತದೆ. ಆದರೆ ಏರ್‌ಪೋರ್ಟಿನ ಗಾಜೆಲ್ಲ ಪುಡಿಪುಡಿಯಾಗುವಾಗ ಕೈಯಲ್ಲಿ ಮೌಸ್ ಹಿಡಿದು ಕೂರುವುದು ಬ್ಯಾಂಕಿನ ಕೌಂಟರಿನಲ್ಲಿ ಕೂತ ಹಾಗಿರುತ್ತದೆ.

ಕನ್ಸೋಲ್ ಸೇರಿ ಎಲ್ಲ ಲೆಕ್ಕ ಹಾಕಿದರೆ ಒಂಬತ್ತು ಸಾವಿರ ದಾಟಿರಬೇಕು. ಮನೆಯಲ್ಲಿ ನಾಲ್ಕು ಅಂತ ಹೇಳಿದ್ದೇನೆ.

ನೀವೂ ಟಿವಿ ಹುಡುಕುವುದಾದರೆ 21 ಇಂಚಿನದೇ ಸಾಕು, 29ರದ್ದನ್ನು ಮಹಡಿಗೆ ಹೊರಲು ಇಬ್ಬರು ಬೇಕು. ಟಿವಿಯ ಮುಂಭಾಗದಲ್ಲಿ 100 ಹರ್ಟ್ಜ್ (ಪರದೆಯನ್ನು ಸೆಕೆಂಡಿಗೆ 100 ಸಲ ಬೆಳಗಿಸುವ ಟಿವಿ) ಅಂತ ಬರೆದಿದ್ದರೆ ಪುಕ್ಕಟೆ ಕೊಟ್ಟರೂ ತರಬೇಡಿ, ಅದು ಡಬ್ಬಾ ಟಿವಿಯೇ ಆದರೂ ಗನ್ ಅದರಲ್ಲಿ ಗುರಿ ಹಿಡಿಯುವುದಿಲ್ಲ.