ನನ್ನ ರೈಫಲ್‌ಗೆ ಒಗ್ಗುವ ತೋಟಾ ಹುಡುಕಿದ ಬಗೆ

ಜಿಂಕೆ ಬೇಟೆಗೆ ಯಾವ ತೋಟಾ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಒಳ್ಳೆಯದು ಎಂದು ಕೇಳುವವರು ಬಹಳ. ಅವರಿಗೆ ನನ್ನ ಉತ್ತರ ಒಂದೇ: ಅದನ್ನು ನಿಮ್ಮ ರೈಫಲ್ಲೇ ಹೇಳಬೇಕು. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್ ತೆಗೆದುಕೊಳ್ಳಿ. ಒಂದರಲ್ಲಿ ಗುಂಡುಗಳನ್ನು ಒತ್ತೊತ್ತಾಗಿ ಕೂರಿಸುವ ತೋಟಾ ಇನ್ನೊಂದರಲ್ಲಿ ಹಾಳೆ ತುಂಬ ಚೆಲ್ಲಾಡಬಹುದು. ಬಾಕ್ಸ್ ಮೇಲಿನ ಬರಹದಿಂದ ಇದು ಗೊತ್ತಾಗುವುದಿಲ್ಲ. ತಂದು, ಹೊಡೆದು ನೋಡಲೇಬೇಕು. .308 ವಿಂಚೆಸ್ಟರ್ ಎಂಬ ಅಳತೆಯ ತೋಟಾ ಹಾಕುವ ನನ್ನ ರೈಫಲ್‌ಗೆ ನಾನು ಹುಡುಕಿದ್ದೂ ಹಾಗೆಯೇ. ಕಾನೂನಿನ ಒಪ್ಪಿಗೆ ಇರುವ ಕಡೆ, ಪರವಾನಗಿ ಪಡೆದು, ಬೇಟೆಯ ಕಾಲದಲ್ಲಷ್ಟೇ ಕಾಡಿಗಿಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದೊಂದು ರೈಫಲ್ ಒಂದೊಂದು ತರ ಯಾಕೆ? ಈಡು ಹಾರಿದ ಕ್ಷಣ ನಳಿಗೆ ಸಣ್ಣಗೆ ಅದುರುತ್ತದೆ. ಗುಂಡು ಬಾಯಿಂದ ಹೊರಬೀಳುವಾಗ ನಳಿಗೆಯ ತುದಿ ಯಾವ ಕಡೆ ವಾಲಿರುತ್ತದೆ ಎನ್ನುವುದು ಗುಂಡಿನ ತೂಕ, ಮದ್ದು, ವೇಗ ಎಲ್ಲದರ ಮೇಲೆ ನಿಂತಿದೆ. ಜೊತೆಗೆ ನಳಿಗೆಯೊಳಗಿನ ತಿರುಚು ಗೀರುಗಳಿವೆ. ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಕಳಿಸುವುದು ಅವೇ. ನನ್ನ ನಳಿಗೆಯಲ್ಲಿ 10 ಇಂಚಿಗೆ ಒಂದು ಸುತ್ತು. 12 ಇಂಚಿಗೆ ಒಂದು ಸುತ್ತಿರುವ .308ಗಳೂ ಬೇಕಾದಷ್ಟಿವೆ. ಗುಂಡು ಉದ್ದವಾದಷ್ಟೂ ಅದು ಜಾಸ್ತಿ ತಿರುಗಬೇಕು. ಪೂರ್ತಿ ತಾಮ್ರದ ಗುಂಡು ಆರಿಸುವವರು ಇದನ್ನು ಗಮನಿಸಬೇಕು. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅಷ್ಟೇ ತೂಕದ ತಾಮ್ರದ ಗುಂಡು ಸೀಸದ್ದಕ್ಕಿಂತ ಉದ್ದವಾಗಿರುತ್ತದೆ.

ಗುರಿ ಹಿಡಿದು ಹೊಡೆಯುವ ಮೊದಲು ಗುಂಡಿನ ಜಾತಿ ನಿರ್ಧಾರವಾಗಬೇಕು. ಜಿಂಕೆಗೆ ಬೇಕಾಗಿರುವುದು ಒಳಹೊಕ್ಕ ಮೇಲೆ ಅರಳುವ ಗುಂಡು. ಪೂರ್ತಿ ತಾಮ್ರದ ಕವಚ ಹಾಕಿದ ಸೈನ್ಯದ ಮಾದರಿಯ ಗುಂಡು ಸಣ್ಣ ತೂತು ಮಾಡಿ ಆಚೆ ಹೋಗಿಬಿಡಬಹುದು. ಪ್ರಾಣಿ ಗಾಯಗೊಂಡು ಓಡಿ ನರಳುತ್ತದೆ. ಅನೇಕ ಕಡೆ ಬೇಟೆಗೆ ಅದನ್ನು ನಿಷೇಧಿಸಿರುವುದು ಸರಿಯಾಗಿಯೇ ಇದೆ. ಸ್ಪರ್ಧೆಗೆಂದು ಮಾಡಿದ ಮ್ಯಾಚ್ ತೋಟಾ ಕಾಗದದ ಮೇಲೆ ತುಂಬ ಚೆನ್ನಾಗಿ ಕೂರಬಹುದು. ಆದರೆ ಅದರ ಗುಂಡನ್ನು ಮಾಡಿರುವುದು ಕಾಗದಕ್ಕೆ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೃದು ಮೂತಿಯ ಸಾದಾ ಗುಂಡು, ಪ್ಲಾಸ್ಟಿಕ್ ತುದಿಯದ್ದು, ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡು, ಪೂರ್ತಿ ತಾಮ್ರದ್ದು, ಹೀಗೆ ಬೇರೆ ಬೇರೆ ಬಗೆ ತಂದೆ. ತೂಕ 150ರಿಂದ 165 ಗ್ರೇನ್. 150 ಗ್ರೇನ್ ಎಂದರೆ ಸುಮಾರು 9.7 ಗ್ರಾಂ. .308ರಲ್ಲಿ ಜಿಂಕೆಗೆ ಇದು ಧಾರಾಳ ಸಾಕು.

ಒಂದು ಎಚ್ಚರಿಕೆ. ನಳಿಗೆಯ ಮೇಲೆ ಕೆತ್ತಿರುವ ಹೆಸರು, ಬಾಕ್ಸ್ ಮೇಲಿನ ಹೆಸರು, ತೋಟಾದ ಹಿಂಬದಿಯ ಅಚ್ಚು, ಮೂರೂ ಒಂದೇ ಇರಬೇಕು. 1906ರಲ್ಲಿ ಬಂದ .30-06 ತೋಟಾ ಮತ್ತು 1952ರಲ್ಲಿ ಬಂದ .308, ಎರಡರ ಗುಂಡೂ ಒಂದೇ ದಪ್ಪ, 7.8 ಮಿ.ಮೀ. ಆದರೆ ಮದ್ದು ತುಂಬಿದ ಕೊಳವೆ .30-06ರಲ್ಲಿ 63 ಮಿ.ಮೀ. ಉದ್ದ, .308ರಲ್ಲಿ 51. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಬೇರೆ ಬೇರೆ ಅಳತೆಯ ಕೋವಿಗಳಿದ್ದರೆ ಅವುಗಳ ತೋಟಾಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಳ್ಳಲೇಬೇಡಿ.

ತೋಟಾವನ್ನು ದೂರುವ ಮೊದಲು ಕೋವಿ ನೋಡಿಕೊಳ್ಳಬೇಕು, ಅಲ್ವಾ? ಸ್ಕೋಪ್ (ಗುರಿ ನೋಡುವ ದುರ್ಬೀನು) ಹಿಡಿದಿರುವ ತಿರುಪುಗಳು, ಮರಕ್ಕೆ, ಅಂದರೆ ಕೋವಿಯ ಮರದ ಹಿಡಿಕೆಗೆ, ಕೋವಿಯನ್ನು ಕಚ್ಚಿಸಿರುವ ತಿರುಪುಗಳು ಎಲ್ಲವನ್ನೂ ಟಾರ್ಕ್ ರೆಂಚಿನಲ್ಲಿ, ತಯಾರಕರು ಹೇಳಿದ ಅಳತೆಗೆ ಬಿಗಿ ಮಾಡಿದೆ. ಆಮೇಲೆ ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದುಕೊಂಡು ಬಂದೆ. ನನ್ನಂಥ ರೈಫಲ್‌ನಲ್ಲಿ ನಳಿಗೆ ಎಲ್ಲೂ ತಾಗದೆ ತೇಲುತ್ತಿರಬೇಕು. ಕಾಗದ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಅಲ್ಲಿ ಮರ ಒತ್ತುತ್ತಿದೆ ಎಂದರ್ಥ. ನಳಿಗೆ ಬಿಸಿಯಾದಂತೆ ಆ ಒತ್ತಡ ಬದಲಾಗಿ ಗುಂಡುಗಳು ಒಂದೊಂದಾಗಿ ಪಕ್ಕಕ್ಕೆ ನಡೆಯತೊಡಗುತ್ತವೆ. ಅಂಥ ಕೋವಿಗೆ ಎಷ್ಟು ದುಬಾರಿ ತೋಟಾ ಹಾಕಿದರೂ ಸುಮ್ನೆ ದುಡ್ಡು ದಂಡ.

ಇನ್ನು ಹೊಡೆಯುವ ಕೆಲಸ. ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವ 100 ಮೀಟರ್ ಮೈದಾನ, ಗಾಳಿ ಇಲ್ಲದ ಬೆಳಗಿನ ಹೊತ್ತು. ಕಿವಿಗೆ, ಕಣ್ಣಿಗೆ ರಕ್ಷಣೆ ಇಲ್ಲದೆ ಒಂದು ಈಡೂ ಬೇಡ. ಮುಂದೆ ಮರಳು ಚೀಲ, ಭುಜಕ್ಕೆ ತಾಗುವ ಮರದ ಹಿಂತುದಿಯ ಕೆಳಗೆ ಇನ್ನೊಂದು ಸಣ್ಣ ಚೀಲ. ಚೀಲದ ಮೇಲೆ ಕೂರಬೇಕಾದ್ದು ಮರ, ನಳಿಗೆ ಅಲ್ಲ. ನಾನು ಎಡಗೈಯನ್ನು ಮುಂದಕ್ಕೆ ಚಾಚುವುದಿಲ್ಲ. ಹಿಂದಿನ ಚೀಲವನ್ನು ಹಿಡಿದಿರುತ್ತೇನೆ. ಮುಷ್ಟಿ ಸ್ವಲ್ಪ ಬಿಗಿ ಮಾಡಿದರೆ ಸ್ಕೋಪಿನ ಅಡ್ಡಗೆರೆ ಕೆಳಗಿಳಿಯುತ್ತದೆ, ಸಡಿಲಿಸಿದರೆ ಏರುತ್ತದೆ. ಗೆರೆ ಎದೆಬಡಿತಕ್ಕೆ ಕುಣಿಯುತ್ತಿದ್ದರೆ ಕೋವಿಯನ್ನು ಭುಜಕ್ಕೆ ಜಾಸ್ತಿ ಒತ್ತಿಕೊಂಡಿದ್ದೇನೆ ಎಂದು ತಿಳಿದು ಮತ್ತೆ ಸರಿಯಾಗಿ ಕೂರುತ್ತೇನೆ. ತೋಟಾ ಹಾಕುವ ಮೊದಲು, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಕೆಲವು ಸಲ ಬರಿದೇ ಟ್ರಿಗರ್ ಎಳೆದು ನೋಡುತ್ತೇನೆ. ಕಟಕ್ ಎಂದಾಗ ಗೆರೆ ಅಲುಗಬಾರದು.

ಒಂದೊಂದು ಬಗೆಯ ತೋಟಾಗೂ ಒಂದೊಂದು ಹಾಳೆ. ಎಲ್ಲದಕ್ಕೂ ಗುರಿ ಹಾಳೆಯ ನಡುವಿನ ಚುಕ್ಕೆಗೇ. ಗುಂಡು ಚುಕ್ಕೆಯಿಂದ ಎಷ್ಟೇ ದೂರ ಬೀಳಲಿ, ಸ್ಕೋಪ್ ಮುಟ್ಟಬಾರದು. ಈ ಹಂತದಲ್ಲಿ ನೋಡುವುದು ಗುಂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಬೀಳುತ್ತವೆ ಎಂಬುದನ್ನು ಮಾತ್ರ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ನಳಿಗೆ ಉಜ್ಜಿ, ಹೊಸ ತೋಟಾದ ಮೊದಲ ಕೆಲವು ಈಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆಯುತ್ತೇನೆ. ಹಿಂದಿನ ಗುಂಡಿನ ತಾಮ್ರದ ಲೇಪ ಒಳಗೆ ಉಳಿದಿದ್ದರೆ ಹೊಸದರ ನಡತೆ ಕೆಡಬಹುದು. ತಾಮ್ರದ ಗುಂಡು ಹೊಡೆದ ಮೇಲಂತೂ ಚೆನ್ನಾಗಿ ಉಜ್ಜುತ್ತೇನೆ. ನಳಿಗೆಯನ್ನು ಬರಿಗೈಯಲ್ಲಿ ಹಿಡಿದಿರಲು ಆಗದಷ್ಟು ಬಿಸಿಯಾದರೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆರೆದಿಟ್ಟು ಕಾಯುತ್ತೇನೆ. ಬೇಟೆಯ ರೈಫಲ್‌ನ ನಳಿಗೆ ತೆಳು, ಬೇಗ ಕಾಯುತ್ತದೆ. ಈ ಕಾಯುವ ಕೆಲಸ ಬೇಸರವೇ. ಆದರೆ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಗುಂಪು, ಅಂದರೆ ಒಂದು ಹಾಳೆಯ ತೂತುಗಳ ಹರವು, ಅಳೆಯುವುದು ಸುಲಭ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ ಗುಂಡಿನ ದಪ್ಪ 7.8 ಮಿ.ಮೀ. ಕಳೆಯಿರಿ. ಬಂದದ್ದು ಮಧ್ಯದಿಂದ ಮಧ್ಯಕ್ಕಿರುವ ಅಂತರ. ಶೂಟರ್‌ಗಳು ಹೇಳುವ ಒಂದು ಎಂಒಎ (ಮಿನಿಟ್ ಆಫ್ ಆಂಗಲ್, ಕೋನದ ಅಳತೆ) ಎಂದರೆ 100 ಮೀಟರ್‌ನಲ್ಲಿ ಸುಮಾರು 29 ಮಿ.ಮೀ., 200ರಲ್ಲಿ ಅದರ ಎರಡರಷ್ಟು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂ.ಮೀ. ಅಗಲ. ಲೆಕ್ಕ ಹಾಕಿ ನೋಡಿ: ಒಂದೂವರೆ ಎಂಒಎ ಕೊಡುವ ತೋಟಾ 200 ಮೀಟರ್‌ನಲ್ಲೂ 9 ಸೆಂ.ಮೀ. ಒಳಗೇ ಇರುತ್ತದೆ. ಉಳಿದ ಜಾಗ ನಮ್ಮ ಕೈನಡುಕಕ್ಕೆ, ಏದುಸಿರಿಗೆ ಬೇಕಾಗುತ್ತದೆ. ಅರ್ಧ ಎಂಒಎ ಬೇಕೆಂದು ಹಟ ಹಿಡಿದು ಬಾಕ್ಸ್ ಮೇಲೆ ಬಾಕ್ಸ್ ಖಾಲಿ ಮಾಡುವವರಿದ್ದಾರೆ. ಜಿಂಕೆಗೆ ಅದು ಬೇಕಿಲ್ಲ.

ಮೂರು ಈಡಿನ ಗುಂಪು ನೋಡಿ ತೀರ್ಮಾನಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮೂರು ಗುಂಡು ಅದೃಷ್ಟಕ್ಕೂ ಹತ್ತಿರ ಬೀಳುತ್ತವೆ. ನನ್ನಲ್ಲಿ ಪ್ಲಾಸ್ಟಿಕ್ ತುದಿಯ ತೋಟಾ ಮೊದಲ ದಿನ ಮೂರು ತೂತುಗಳನ್ನು ಒಂದಕ್ಕೊಂದು ತಾಗುವಂತೆ ಕೂರಿಸಿತು. ಚಂದದ ಹಾಳೆ. ಆದರೆ ಬೇರೆ ದಿನಗಳಲ್ಲಿ ಐದೈದು ಈಡು ಹೊಡೆದಾಗ ಅದರ ಗುಂಪು ಅಗಲವಾಗುತ್ತಾ ಹೋಯಿತು. ತಾಮ್ರದ್ದು ನನ್ನ ನಳಿಗೆಗೆ ಒಗ್ಗಲೇ ಇಲ್ಲ. ಇನ್ನೊಬ್ಬರ ನಳಿಗೆಯಲ್ಲಿ ಅದೇ ಮೊದಲ ಸ್ಥಾನಕ್ಕೆ ಬರಬಹುದು. ಸಾದಾ ಮೃದು ಮೂತಿಯದ್ದು ಪರವಾಗಿಲ್ಲ ಎನ್ನುವಂತಿತ್ತು. 165 ಗ್ರೇನ್ ಬಾಂಡೆಡ್ ಮಾತ್ರ ಯಾವ ದಿನವೂ ಅತಿ ಚಿಕ್ಕ ಗುಂಪು ಕೊಡಲಿಲ್ಲ, ಯಾವ ದಿನವೂ ಒಂದೂವರೆ ಎಂಒಎ ದಾಟಲೂ ಇಲ್ಲ. ಬೇರೆ ಬೇರೆ ದಿನದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ಎಲ್ಲ ತೂತುಗಳೂ ಒಂದೇ ಜಾಗದ ಸುತ್ತ ಇದ್ದವು. ನಾನು ಆರಿಸಿದ್ದು ಅದನ್ನೇ.

ಅದಕ್ಕೂ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆ. ಕಾಡಿನಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೇ ಈಡು, ಅದೂ ತಣ್ಣಗಿನ ನಳಿಗೆಯಿಂದ. ಹಾಗಾಗಿ ಪ್ರತಿ ಸಲ ಮೈದಾನಕ್ಕೆ ಹೋದಾಗಲೂ ಮೊದಲ ಈಡನ್ನು ಒಂದೇ ಹಾಳೆಗೆ ಹೊಡೆದು, ಆ ಹಾಳೆಯನ್ನು ಮಡಚಿ ಎತ್ತಿಟ್ಟುಕೊಳ್ಳುತ್ತಿದ್ದೆ. ಉಜ್ಜಿ ಎಣ್ಣೆ ಸವರಿದ ನಳಿಗೆಯ ಮೊದಲ ಗುಂಡು ನನ್ನ ಕೋವಿಯಲ್ಲಿ ಕೊಂಚ ಮೇಲೆ ಹೋಗುತ್ತದೆ. ಆದ್ದರಿಂದ ಬೇಟೆಗೆ ಹೊರಡುವ ಮೊದಲು ಮೈದಾನದಲ್ಲಿ ಒಂದೆರಡು ಈಡು ಹೊಡೆದು, ಉಜ್ಜದೆ ಹಾಗೇ ಒಯ್ಯುತ್ತೇನೆ.

ಆಯ್ಕೆ ಮುಗಿದ ಮೇಲೆ ಸ್ಕೋಪ್ ತಿರುಗಿಸಿದೆ. ಕಾಲು ಎಂಒಎ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ 100 ಮೀಟರ್‌ಗೆ ಸುಮಾರು 7 ಮಿ.ಮೀ. 100ಕ್ಕೆ ಹೊಂದಿಸಿದ .308 ಗುಂಡು 200 ಮೀಟರ್‌ನಲ್ಲಿ 10 ಸೆಂ.ಮೀ. ಆಸುಪಾಸು ಕೆಳಗೆ ಬೀಳುತ್ತದೆ. ಇದನ್ನು ಪಟ್ಟಿ ನೋಡಿ ನಂಬಬೇಡಿ, ಹೊಡೆದೇ ನೋಡಿ. ಬಾಕ್ಸ್ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ನಳಿಗೆಯದ್ದು. ನಿಮ್ಮದು ಗಿಡ್ಡ ಇದ್ದರೆ ವೇಗ ಕಡಿಮೆ. ಚಳಿಯಲ್ಲಿ ಕೆಲವು ಮದ್ದುಗಳ ವೇಗ ಇನ್ನೂ ತುಸು ಇಳಿಯುತ್ತದೆ.

ಕೊನೆಗೆ ಬಾಕ್ಸಿನ ಮೂಲೆಯಲ್ಲೋ ಒಳಮಡಿಕೆಯಲ್ಲೋ ಸಣ್ಣಗೆ ಅಚ್ಚಾಗಿರುವ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ, ನೋಡಿ. ಹೆಸರು ಒಂದೇ ಆದರೂ ಲಾಟ್ ಬದಲಾದರೆ ಮದ್ದಿನ ನಡತೆ ಸ್ವಲ್ಪ ಬದಲಾಗಬಹುದು. ಒಗ್ಗುವ ತೋಟಾ ಸಿಕ್ಕ ಕೂಡಲೇ ಅದೇ ಲಾಟ್‌ನ ಬಾಕ್ಸ್‌ಗಳನ್ನು ಸಿಕ್ಕಷ್ಟು ಕೊಂಡಿಟ್ಟೆ. ಅದು ಪೂರ್ತಿ ಮುಗಿಯುವವರೆಗೆ ಕಾಯುವುದಿಲ್ಲ. ಇನ್ನೂ ಒಂದು ಬಾಕ್ಸ್ ಉಳಿದಿರುವಾಗಲೇ ಹೊಸ ಲಾಟ್ ತಂದು, ಒಂದೇ ದಿನ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದ ಹಾಳೆಗಳಿಗೆ ಹೊಡೆಯುತ್ತೇನೆ. ಎರಡು ಗುಂಪಿನ ನಡು ಒಂದೇ ಕಡೆ ಬಿದ್ದರೆ ಸ್ಕೋಪ್ ಹಾಗೇ ಬಿಡುತ್ತೇನೆ. ಸರಿದಿದ್ದರೆ ಹೊಸದಕ್ಕೆ ಹೊಂದಿಸಿ, ಹಳೆಯ ಬಾಕ್ಸ್ ಮೇಲೆ ಬರೀ ಅಭ್ಯಾಸಕ್ಕೆ ಎಂದು ಬರೆದಿಡುತ್ತೇನೆ.