ಮಿನೆಸೋಟಾದಲ್ಲಿ ಮೊದಲ ಚಳಿಗಾಲವೇ? ಕಾರಿನ ಗಾಜಿಗೊಂದು ಹೊದಿಕೆ ತಗೊಳ್ಳಿ

ಮಿನಿಯಾಪೊಲಿಸ್ ಕಡೆಗೆ ಬೇಸಿಗೆಯಲ್ಲಿ ಬಂದಿಳಿಯುವ ನಮ್ಮವರು ಸಾಮಾನ್ಯವಾಗಿ ಈಡನ್ ಪ್ರೇರಿ, ಈಗನ್, ಪ್ಲಿಮತ್ ಸುತ್ತ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ. ನೆಲಮಾಳಿಗೆಯ ಪಾರ್ಕಿಂಗ್‌ಗೆ ತಿಂಗಳಿಗೆ ಬೇರೆ ದುಡ್ಡು ಎಂದ ಕೂಡಲೇ "ಬೇಡ ಬಿಡಿ, ಹೊರಗೇ ನಿಲ್ಲಿಸ್ತೀವಿ" ಅನ್ನುತ್ತಾರೆ. ಜುಲೈನಲ್ಲಿ ಅದು ಸರಿಯಾದ ಲೆಕ್ಕವೇ. ನವೆಂಬರ್ ಬಂದಾಗ ಲೆಕ್ಕ ತಪ್ಪುತ್ತದೆ. ಮಗುವನ್ನು ಡೇಕೇರ್‌ಗೆ ಬಿಡಬೇಕು, ಎಂಟಕ್ಕೆ ಮೀಟಿಂಗ್ ಇದೆ, ಕಾರಿನ ಗಾಜಿನ ಮೇಲೆ ಮಾತ್ರ ಬಿಳಿ ಪದರ ಗಟ್ಟಿಯಾಗಿ ಕೂತಿದೆ.

ಇದಕ್ಕೆ ವಿಂಡ್‌ಶೀಲ್ಡ್ ಕವರ್ ಒಳ್ಳೆಯ ಉಪಾಯ. 20-30 ಡಾಲರ್‌ಗೆ ಚೆನ್ನಾಗಿರುವುದೇ ಸಿಗುತ್ತದೆ. ಆದರೆ ಇದು ದಿನಾ ಹಾಕುವ ವಸ್ತುವಲ್ಲ. ಯಾವ ರಾತ್ರಿ ಹಾಕಬೇಕು, ಯಾವಾಗ ಸುಮ್ನೆ ಬಿಡಬೇಕು ಅನ್ನುವುದು ಗೊತ್ತಿದ್ದರೆ ಮಾತ್ರ ದುಡ್ಡು ದಕ್ಕುತ್ತದೆ.

ಅದಕ್ಕೆ ಮೊದಲು ಇನ್ನೊಂದು ಮಾತು. ಬೆಂಗಳೂರಿನಲ್ಲಿ ಧೂಳು, ಹೊಂಗೆ ಹೂವು, ಹಕ್ಕಿ ಹಿಕ್ಕೆಗೆ ಹೆದರಿ ಇಡೀ ಕಾರಿಗೆ ಕವರ್ ಹೊದಿಸುತ್ತೇವಲ್ಲ, ಅದನ್ನು ಇಲ್ಲಿ ಮಾಡಬೇಡಿ. ಇಲ್ಲಿನ ರಸ್ತೆಗೆ ಚಳಿಗಾಲವಿಡೀ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು, ಮರಳು ಕಾರಿನ ಮೈಗೆಲ್ಲ ಅಂಟಿರುತ್ತದೆ. ಗಾಳಿಗೆ ಕವರ್ ಪಟಪಟ ಬಡಿದರೆ ಬಣ್ಣವನ್ನು ಉಜ್ಜಿ ಗೀರು ಮಾಡುತ್ತದೆ. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾದರೆ ಕವರನ್ನು ಬಿಡಿಸುವುದೂ ಕಷ್ಟ. ಮುಂದಿನ ಗಾಜಿಗಷ್ಟೇ ಹೊದಿಕೆ ಸಾಕು.

ಕವರ್ ನಿಜವಾಗಿ ಕೆಲಸಕ್ಕೆ ಬರುವುದು ಫ್ರಾಸ್ಟ್, ಅಂದರೆ ಗಾಳಿಯ ತೇವವೇ ಗಾಜಿನ ಮೇಲೆ ತೆಳು ಐಸ್ ಪದರವಾಗಿ ಕೂರುವ ರಾತ್ರಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಗಾಜು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಗಿಂತಲೂ ಜಾಸ್ತಿ ತಣ್ಣಗಾಗುತ್ತದೆ. ಹಾಗಾಗಿ ಫೋನಿನಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್ ಅಂತ ತೋರಿಸಿದರೂ, ಅಂದರೆ ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಎರಡು ಡಿಗ್ರಿ ಮೇಲಿದ್ದರೂ, ಬೆಳಗ್ಗೆ ಗಾಜು ಬೆಳ್ಳಗಾಗಿರುತ್ತದೆ. ಹೊಸಬರು "ಫ್ರೀಜಿಂಗ್ ಇರಲೇ ಇಲ್ಲವಲ್ಲ" ಎಂದು ಆಶ್ಚರ್ಯಪಡುವುದು ಇಲ್ಲೇ. ಮೋಡ ಮುಚ್ಚಿದ ರಾತ್ರಿ ಈ ತೊಂದರೆ ಕಡಿಮೆ. ಮರದ ಕೆಳಗೋ ಕಾರ್‌ಪೋರ್ಟ್ ಕೆಳಗೋ ನಿಲ್ಲಿಸಿದರೂ ಕಡಿಮೆ. ಗಾಜು ಮತ್ತು ಆಕಾಶದ ನಡುವೆ ಏನಾದರೂ ಅಡ್ಡ ಇದ್ದರೆ ಆಯಿತು. ಕವರ್ ಮಾಡುವುದೂ ಅದನ್ನೇ.

ಅದಕ್ಕಿಂತ ದೊಡ್ಡ ಶತ್ರು ಫ್ರೀಜಿಂಗ್ ರೇನ್. ನೋಡಲು ಸಾಮಾನ್ಯ ತುಂತುರು ಮಳೆ. ಆದರೆ ತಣ್ಣಗಿರುವ ಗಾಜಿಗೆ ತಾಗಿದ ಕ್ಷಣ ಐಸ್ ಆಗುತ್ತದೆ. ಸ್ಕ್ರೇಪರ್ ಹಿಡಿದು ಭುಜ ನೋಯುವವರೆಗೂ ಕೆರೆಯಬೇಕು. ಮುನ್ಸೂಚನೆಯಲ್ಲಿ ಈ ಎರಡು ಪದ ಕಂಡರೆ ಕವರ್ ಹಾಕಲೇಬೇಕು, ಎರಡನೇ ಯೋಚನೆ ಬೇಡ.

ಸ್ನೋ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಜನವರಿಯ ಕಡುಚಳಿಯಲ್ಲಿ, ಸೊನ್ನೆ ಫ್ಯಾರನ್‌ಹೀಟ್ ಹತ್ತಿರ ಬೀಳುವ ಸ್ನೋ ಒಣ ರವೆಯಂತೆ ಉದುರುದುರಾಗಿರುತ್ತದೆ. ಬ್ರಶ್‌ನಲ್ಲಿ ಒಂದು ಸಲ ಎಳೆದರೆ ಹೋಗುತ್ತದೆ. ಅದಕ್ಕೆ ಕವರ್ ಹಾಕಿ ತೆಗೆಯುವುದು ಸುಮ್ನೆ ಕೆಲಸ ಹೆಚ್ಚಿಸಿಕೊಂಡಂತೆ. 30 ಡಿಗ್ರಿ ಆಸುಪಾಸಿನಲ್ಲಿ ಬೀಳುವ ಒದ್ದೆ ಸ್ನೋ ಅಂಟುತ್ತದೆ. ಅದಕ್ಕೆ ಬೇಕಾದರೆ ಹಾಕಿ.

ಇನ್ನು ಹಾಕುವ ಬಗೆ. ಆಫೀಸಿನಿಂದ ಹೀಟರ್ ಜೋರಾಗಿಟ್ಟುಕೊಂಡು ಬರುತ್ತೀರಿ, ಗಾಜು ಬೆಚ್ಚಗಿರುತ್ತದೆ. ಅದರ ಮೇಲೆ ಬಿದ್ದ ಸ್ನೋ ಕರಗಿ, ಆಮೇಲೆ ಐಸ್ ಆಗುತ್ತದೆ. ಒದ್ದೆ ಗಾಜಿನ ಮೇಲೆ ಕವರ್ ಹಾಕಿದರೆ ಬಟ್ಟೆಯೇ ಗಾಜಿಗೆ ಅಂಟಿಕೊಳ್ಳುತ್ತದೆ, ಬೆಳಗ್ಗೆ ಎಳೆದರೆ ಹರಿಯುತ್ತದೆ. ಹಾಗಾಗಿ ಮನೆ ಹತ್ತಿರ ಬಂದಾಗ ಹೀಟರ್ ಕಡಿಮೆ ಮಾಡಿ. ನಿಲ್ಲಿಸಿದ ಮೇಲೆ ಬಾಗಿಲನ್ನು ಒಂದು ನಿಮಿಷ ತೆರೆದಿಡಿ. ಗಾಜು ಒರೆಸಿ, ಆರಿದ ಮೇಲೆ ಕವರ್ ಹಾಕಿ. ಊಟ ಮುಗಿಸಿ ಕಸ ಹಾಕಲು ಕೆಳಗಿಳಿಯುತ್ತೀರಲ್ಲ, ಆಗ ಹಾಕಿದರೆ ಇನ್ನೂ ಒಳ್ಳೆಯದು.

ವೈಪರ್ ಸ್ವಿಚ್ ಆಫ್ ಆಗಿದೆಯಾ ಅಂತ ನೋಡಿಯೇ ಎಂಜಿನ್ ಆಫ್ ಮಾಡಿ. ಆಟೋದಲ್ಲಿ ಬಿಟ್ಟರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಐಸ್‌ಗೆ ಅಂಟಿದ ವೈಪರ್ ತಾನಾಗಿ ಏಳಲು ನೋಡುತ್ತದೆ. ರಬ್ಬರ್ ಹರಿಯಬಹುದು, ಮೋಟರ್ ಸುಟ್ಟುಹೋಗಬಹುದು. ವೈಪರನ್ನೂ ಮುಚ್ಚುವಷ್ಟು ಉದ್ದದ ಕವರನ್ನೇ ತಗೊಳ್ಳಿ.

ಕೊಳ್ಳುವಾಗ ಎರಡೂ ಪಕ್ಕದ ಕಿವಿಗಳನ್ನು ನೋಡಿ. ಅವನ್ನು ಮುಂದಿನ ಬಾಗಿಲುಗಳ ಒಳಗೆ ಸಿಕ್ಕಿಸಿ ಬಾಗಿಲು ಹಾಕಬೇಕು. ಆಗ ಗಾಳಿಗೂ ಹಾರುವುದಿಲ್ಲ, ಯಾರೂ ಎತ್ತಿಕೊಂಡೂ ಹೋಗುವುದಿಲ್ಲ. ಮ್ಯಾಗ್ನೆಟ್ ಇರುವುದೂ ಸಿಗುತ್ತದೆ, ನನಗೆ ಅದು ಅಷ್ಟು ಇಷ್ಟವಿಲ್ಲ. ಕೆಳಗೆ ಮರಳು ಸಿಕ್ಕರೆ ಬಣ್ಣ ಗೀರುತ್ತದೆ. ನಿಮ್ಮ ಕಾರಿನ ಬಾನೆಟ್ ಅಲ್ಯುಮಿನಿಯಂ ಆಗಿದ್ದರೆ ಅದು ಹಿಡಿಯುವುದೂ ಇಲ್ಲ. ಫ್ಲೀಟ್ ಫಾರ್ಮ್, ಮೆನಾರ್ಡ್ಸ್ ಅಂಗಡಿಗಳ ಕಾರಿನ ಸಾಮಾನಿನ ಸಾಲಿನಲ್ಲಿ ಹುಡುಕಿ. ಕೊಳ್ಳುವ ಮೊದಲು ನಿಮ್ಮ ಗಾಜಿನ ಅಳತೆ ಬರೆದುಕೊಂಡಿರಿ. ವ್ಯಾನ್ ಇದ್ದವರಿಗಂತೂ ಸಣ್ಣ ಸೈಜು ಸಾಲದು.

ತೆಗೆಯುವಾಗ ಒಂದು ಪಕ್ಕದಿಂದ ಮಡಚುತ್ತಾ, ಸ್ನೋವನ್ನು ಕಾರಿನ ಆಚೆ ಬದಿಗೆ ಬೀಳಿಸಿ. ಒದ್ದೆ ಕವರನ್ನು ಸೀಟಿನ ಮೇಲೆ ಎಸೆಯಬೇಡಿ. ಆ ನೀರೆಲ್ಲ ಆವಿಯಾಗಿ ಒಳಗಿನಿಂದ ಗಾಜು ಮಂಜಾಗುತ್ತದೆ. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು ಅದರಲ್ಲಿ ಹಾಕಿ, ಸಂಜೆ ಮನೆಯೊಳಗೆ ಒಣಗಿಸಿ.

ಕವರ್ ಬದಲು ಹಳೆ ಬೆಡ್‌ಶೀಟ್ ಆಗಲ್ವಾ ಅಂತ ಕೇಳುವವರಿದ್ದಾರೆ. ಒಣ ಫ್ರಾಸ್ಟಿಗೆ ಒಂದು ರಾತ್ರಿ ನಡೆಯುತ್ತದೆ. ಹತ್ತಿ ಬಟ್ಟೆ ನೀರು ಕುಡಿದರೆ ಮಾತ್ರ ಹಲಗೆಯಾಗಿ ಗಾಜಿಗೆ ಅಂಟುತ್ತದೆ. ಬಿಸಿನೀರು ಸುರಿಯುವುದಂತೂ ಬೇಡವೇ ಬೇಡ. ತಣ್ಣಗಿನ ಗಾಜಿಗೆ ಒಮ್ಮೆಲೇ ಬಿಸಿ ತಾಗಿದರೆ ಬಿರುಕು ಬಿಡಬಹುದು, ಹರಿದ ನೀರು ಕಾಲ ಕೆಳಗೇ ಐಸ್ ಆಗಿ ನೀವು ಜಾರುತ್ತೀರಿ. ಐಸ್ ಕಟ್ಟೇಬಿಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಸ್ಪ್ರೇ ಮಾಡಿ, ಆಮೇಲೆ ಕೆರೆಯಿರಿ. ವಾಷರ್ ನೀರನ್ನೂ ನೋಡಿಕೊಳ್ಳಿ. ಡಾಲಸ್ಸಿನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಕಾರು ತಂದವರ ಟ್ಯಾಂಕಿನಲ್ಲಿ ಬೇಸಿಗೆಯ ದ್ರವ ಇರಬಹುದು, ಅದು ಇಲ್ಲಿ ಗಡ್ಡೆಕಟ್ಟುತ್ತದೆ. ಮೈನಸ್ 20 ಫ್ಯಾರನ್‌ಹೀಟ್ ಅಥವಾ ಅದಕ್ಕೂ ಕೆಳಗೆ ಎಂದು ಬರೆದಿರುವುದನ್ನೇ ತುಂಬಿಸಿ. ಅದರಲ್ಲಿ ಸಾಮಾನ್ಯವಾಗಿ ಮೆಥನಾಲ್ ಇರುತ್ತದೆ, ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ.

ಡ್ಯಾಶ್‌ಬೋರ್ಡಿನ ಗಣಪನನ್ನು ಸ್ವಲ್ಪ ಪಕ್ಕಕ್ಕೆ ಕೂರಿಸಿ. ಗಾಜಿನ ಬುಡದಲ್ಲಿರುವ ಕಂಡಿಗಳಿಂದಲೇ ಡಿಫ್ರಾಸ್ಟ್ ಗಾಳಿ ಬರುವುದು. ವಿಗ್ರಹ, ಹೂವು, ಟಿಶ್ಯೂ ಡಬ್ಬ ಅಡ್ಡ ಬಂದರೆ ಅಷ್ಟು ಭಾಗ ಕರಗುವುದೇ ಇಲ್ಲ. ಒಳಗಿನ ಮಂಜಿಗೆ ಡಿಫ್ರಾಸ್ಟ್ ಜೊತೆ ಎ.ಸಿ. ಹಾಕಿ, ರೀಸರ್ಕ್ಯುಲೇಶನ್ ಆಫ್ ಮಾಡಿ. ಚಳಿಯಲ್ಲಿ ಎ.ಸಿ. ಏಕೆ ಅನ್ನಬೇಡಿ, ಅದು ಗಾಳಿಯ ತೇವವನ್ನು ತೆಗೆಯುತ್ತದೆ.

ಕವರ್ ತೆಗೆದ ಕೂಡಲೇ ಹೊರಡುವ ಹಾಗಿಲ್ಲ. ಪಕ್ಕದ ಗಾಜು, ಹಿಂದಿನ ಗಾಜು, ದೀಪಗಳು ಎಲ್ಲವೂ ಶುಭ್ರವಾಗಬೇಕು. ಗಾಜಿನಲ್ಲಿ ಒಂದು ಕಿಂಡಿ ಮಾಡಿಕೊಂಡು ಇಣುಕುತ್ತಾ ಓಡಿಸುವುದು ಮಿನೆಸೋಟಾ ಕಾನೂನಿಗೆ ವಿರುದ್ಧ, ಪೊಲೀಸರು ಟಿಕೆಟ್ ಕೊಡುತ್ತಾರೆ. ಕಾರಿನ ಛಾವಣಿಯ ಮೇಲಿನ ಸ್ನೋವನ್ನೂ ಇಳಿಸಿ. ಇಲ್ಲದಿದ್ದರೆ ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದಾಗ ಅಷ್ಟೂ ಜಾರಿ ಮುಂದಿನ ಗಾಜಿನ ಮೇಲೆ ಕೂರುತ್ತದೆ. ಜೋರು ಸ್ನೋ ಬಿದ್ದ ಮರುದಿನ ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಿದ ಮೇಲೆಯೇ ಎಂಜಿನ್ ಶುರು ಮಾಡಿ. ಪೈಪ್ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಬರುತ್ತದೆ. ಅದಕ್ಕೆ ವಾಸನೆಯೇ ಇಲ್ಲ, ಪ್ರಾಣವನ್ನೇ ತೆಗೆಯಬಹುದು.

ಬೀದಿಯಲ್ಲಿ ನಿಲ್ಲಿಸುವವರಿಗೆ ಇನ್ನೊಂದು ಜಂಜಾಟವಿದೆ. ಕವರ್ ಹಾಕಿ ಬೆಚ್ಚಗೆ ಮಲಗಿದರೆ ಆಗದು. ಬೀದಿಯ ಸ್ನೋ ತೆಗೆಯಲು ಮಿನಿಯಾಪೊಲಿಸ್ ನಗರ ಸ್ನೋ ಎಮರ್ಜೆನ್ಸಿ ಸಾರಿದರೆ ಮೊದಲ ದಿನ ರಾತ್ರಿ 9ರಿಂದ ಮುಖ್ಯ ಮಾರ್ಗಗಳಲ್ಲಿ ಕಾರು ಇರಕೂಡದು. ಮುಂದಿನ ಎರಡು ದಿನ ಉಳಿದ ಬೀದಿಗಳಲ್ಲಿ ಒಂದೊಂದು ದಿನ ಒಂದೊಂದು ಬದಿ ಖಾಲಿ ಇರಬೇಕು. ಸೇಂಟ್ ಪಾಲ್‌ನ ನಿಯಮ ಬೇರೆ, ಉಪನಗರಗಳದ್ದು ಇನ್ನೂ ಬೇರೆ. ನಿಮ್ಮ ಊರಿನ ಅಲರ್ಟಿಗೆ ಫೋನ್ ನಂಬರ್ ಸೇರಿಸಿಡಿ. ತಪ್ಪಿದರೆ ಕವರಿನ ಸಮೇತ ಕಾರನ್ನು ಎಳೆದುಕೊಂಡು ಹೋಗುತ್ತಾರೆ.

ಇದನ್ನೆಲ್ಲ ಯಾವಾಗ ಕೊಳ್ಳಬೇಕು? ರಾಜ್ಯೋತ್ಸವದೊಳಗೆ. 1991ರಲ್ಲಿ ಹ್ಯಾಲೋವೀನ್ ದಿನ, ಅಂದರೆ ಅಕ್ಟೋಬರ್ 31ಕ್ಕೆ, ಶುರುವಾದ ಹಿಮ ನಿಲ್ಲುವಷ್ಟರಲ್ಲಿ ಇಲ್ಲಿ 28 ಇಂಚು ದಾಟಿತ್ತು. ಆ ಹೊತ್ತಿಗೇ ಗಾಜನ್ನೂ ಒಮ್ಮೆ ಪರೀಕ್ಷಿಸಿ. ಕಲ್ಲು ಸಿಡಿದು ಸಣ್ಣ ಚಿಪ್ ಆಗಿದ್ದರೆ ಅದರೊಳಗೆ ನೀರು ಸೇರಿ, ಹೆಪ್ಪುಗಟ್ಟಿ, ಬಿರುಕು ಗಾಜಿನುದ್ದಕ್ಕೂ ಓಡುತ್ತದೆ. ಚಿಪ್ ತುಂಬಿಸುವ ಖರ್ಚು ಹೊಸ ಗಾಜಿನ ಮುಂದೆ ಏನೂ ಅಲ್ಲ. ಬೇಸಿಗೆಯ ಆಲಿಕಲ್ಲಿಗೆ ಮಾತ್ರ ಈ ಕವರ್‌ನಿಂದ ಪ್ರಯೋಜನವಿಲ್ಲ. ಅದಕ್ಕೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ಕಾಂಪ್ರಿಹೆನ್ಸಿವ್ ಇರಬೇಕು, ಇನ್ನೊಬ್ಬರಿಗಾದ ಹಾನಿಗಷ್ಟೇ ಕೊಡುವ ಬರೀ ಲಯಬಿಲಿಟಿ ಇದ್ದರೆ ಒಂದು ಪೈಸೆಯೂ ಬರುವುದಿಲ್ಲ.